ಮಕ್ಕಳ ಕ್ಷೇಮ: ನಾವು ಹೆದರಬೇಕಾದುದು ಯಾವುದಕ್ಕೆ?

ಮಗು ಹೊಸ್ತಿಲು ದಾಟಿತೆಂದರೆ ತಾಯಿಯ ಮನಸ್ಸೂ ಅದರ ಬೆನ್ನ ಹಿಂದೆಯೇ ಹೋಗುತ್ತದೆ. ಈ ಕಳವಳ ಸಹಜವಾದುದು, ಬೇಕಾದುದು ಕೂಡ. ಆದರೆ ಕಳವಳವೇ ಎಚ್ಚರಿಕೆಯಲ್ಲ. ಎಚ್ಚರಿಕೆ ಅಪಾಯವನ್ನು ಇದ್ದಲ್ಲಿ ಕಾಣುತ್ತದೆ. ಬರಿಯ ಕಳವಳ ಇಲ್ಲದೆಡೆಯಲ್ಲಿಯೂ ಕಾಣುತ್ತದೆ. ಇವೆರಡನ್ನೂ ಒಂದೆಂದು ಭಾವಿಸಿದರೆ ಆಗುವ ಅನಾಹುತಕ್ಕೆ ನಮ್ಮ ನೆರೆಯಲ್ಲಿಯೇ ನಿದರ್ಶನವುಂಟು.

ನಾಗಲಗಿದ್ದದಿಂದ ಗಡಿ ದಾಟಿದರೆ ಬೀದರ ಜಿಲ್ಲೆಯ ಔರಾದ ಸೀಮೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಾರಾಯಣಖೇಡ ತಾಲ್ಲೂಕು ಬೀದರ ಜಿಲ್ಲೆಗೇ ಸೇರಿತ್ತು. ರಾಜ್ಯಗಳು ಬೇರೆಯಾದರೂ ಬೀಗತನ, ಸಂತೆ, ಜಾತ್ರೆಗಳು ಬೇರೆಯಾಗಲಿಲ್ಲ. ಸುದ್ದಿಯೂ ಹಾಗೆಯೇ, ಗಡಿಯನ್ನು ಗಣಿಸದೆ ಓಡಾಡುತ್ತದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸಾಪ್ ಮೂಲಕ ತೆಲಂಗಾಣ, ಕರ್ನಾಟಕಗಳೆರಡರಲ್ಲಿಯೂ ಹಬ್ಬಿತು. ಆ ವರ್ಷದ ಜುಲೈ 13ರಂದು ಹೈದರಾಬಾದಿನಿಂದ ಔರಾದ ಸೀಮೆಗೆ ಬಂದಿದ್ದ ಕೆಲವರು ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅಷ್ಟರಿಂದಲೇ ಸಂಶಯ ಹುಟ್ಟಿತು. ಅವರ ಕಾರಿಗಿಂತ ಮುಂದಾಗಿ ವದಂತಿ ಓಡಿತು. ಮುರ್ಕಿ ಗ್ರಾಮದ ಬಳಿ ನೆರೆದ ಜನ ಅವರನ್ನು ಥಳಿಸಿದರು. ಒಬ್ಬ ತರುಣ ಇಂಜಿನಿಯರ್ ಪ್ರಾಣ ಬಿಟ್ಟ, ಜೊತೆಯವರು ಗಾಯಗೊಂಡರು, ಬಿಡಿಸಹೋದ ಪೊಲೀಸರಿಗೂ ಪೆಟ್ಟು ಬಿದ್ದಿತು. ಅವರು ಯಾವ ಮಗುವನ್ನೂ ಕದ್ದಿರಲಿಲ್ಲ. ಸತ್ತವನೂ ಒಬ್ಬ ತಾಯಿಯ ಮಗನೇ ಆಗಿದ್ದ. ಮಕ್ಕಳ ಮೇಲಣ ಮಮತೆಯೇ ಆ ವದಂತಿಗೆ ಬಲ ಕೊಟ್ಟಿತೆಂಬುದನ್ನು ನೆನೆದರೆ ಮನಸ್ಸು ಮುದುಡುತ್ತದೆ.

ಅಪರಿಚಿತನಿಗೆ ಹೀಗೆ ಹೆದರುವ ನಾವು, ನಮ್ಮ ಹೊಲದಲ್ಲಿಯೇ ಬಾಯಿ ತೆರೆದಿರುವ ಅಪಾಯವನ್ನು ಮರೆಯುತ್ತೇವೆ. 2020ರ ಮೇ 27ರಂದು ಮೆದಕ ಜಿಲ್ಲೆಯ ಪೊಡ್ಚನಪಲ್ಲಿಯಲ್ಲಿ, ಆಗಷ್ಟೇ ಕೊರೆದು ನೀರು ಕಾಣದೆ ಬಿಟ್ಟ ಕೊಳವೆಬಾವಿಗೆ ಮೂರು ವರ್ಷದ ಬಾಲಕ ಬಿದ್ದು ತೀರಿಕೊಂಡ. ಅದು ಅವನ ಮನೆಯವರದೇ ಹೊಲ. ಮನೆಯವರೂ ಅಲ್ಲಿಯೇ ಇದ್ದರು. 2024ರ ಏಪ್ರಿಲ್ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಹೀಗೆಯೇ ಬಿದ್ದ ಹಸುಗೂಸನ್ನು ಸುಮಾರು 20 ಗಂಟೆಗಳ ಶ್ರಮದಿಂದ ಜೀವಂತವಾಗಿ ಮೇಲೆತ್ತಿದರು. ಎಲ್ಲರಿಗೂ ಆ ಭಾಗ್ಯವಿರದು. ಕೊಳವೆಬಾವಿ ಕೊರೆಯುವ 15 ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕು, ಸುತ್ತ ಬೇಲಿ ಹಾಕಬೇಕು, ಕೊಳವೆಯ ಬಾಯಿಗೆ ಭದ್ರವಾದ ಮುಚ್ಚಳ ಬಿಗಿಯಬೇಕು, ಕೈಬಿಟ್ಟ ಬಾವಿಯನ್ನು ಮಣ್ಣು ಕಲ್ಲುಗಳಿಂದ ತುಂಬಬೇಕು ಎಂದು ಸುಪ್ರೀಂ ಕೋರ್ಟು 2010ರಲ್ಲಿಯೇ ವಿಧಿಸಿದೆ. ಒಂದು ಮುಚ್ಚಳಕ್ಕೆ ತಗಲುವ ವೆಚ್ಚವೆಷ್ಟು?

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕಾಗಿದೆ. ಮಕ್ಕಳ ಮೇಲಿನ ಲೈಂಗಿಕ ಅತ್ಯಾಚಾರಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಗೊತ್ತಿದ್ದವನೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿಗಳು ತೋರಿಸುತ್ತವೆ. ಆದುದರಿಂದ “ಗೊತ್ತಿಲ್ಲದವರ ಹತ್ತಿರ ಹೋಗಬೇಡ” ಎಂಬ ಬುದ್ಧಿವಾದವೊಂದೇ ಸಾಲದು. ತನಗೆ ಹಿಡಿಸದ ಸ್ಪರ್ಶವನ್ನು, ಅದು ಯಾರದೇ ಆಗಿರಲಿ, ಒಲ್ಲೆನೆನ್ನುವ ಧೈರ್ಯ ಮಗುವಿಗೆ ಇರಬೇಕು. ಬಂದು ಹೇಳಿದಾಗ ಗದರದೆ ಕೇಳುವ ಮನೆಯೂ ಇರಬೇಕು. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಬಹುದು.

ಹೆತ್ತವರ ಭಯದ ಭಾರ ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ. ಹಳ್ಳಿಯ ಶಾಲೆ ಮುಗಿದ ಬಳಿಕ ನಾರಾಯಣಖೇಡಕ್ಕೋ ಬೀದರಕ್ಕೋ ಹೋಗಿ ಓದಬೇಕೆಂದಾಗ, “ದಾರಿ ದೂರ, ಕಾಲ ಕೆಟ್ಟಿದೆ” ಎಂಬ ಎರಡು ಮಾತಿನಲ್ಲಿ ಹುಡುಗಿಯ ಓದು ನಿಂತುಹೋಗುತ್ತದೆ. ಇದು ರಕ್ಷಣೆಯಲ್ಲ. ದಾರಿ ದೂರವಾದರೆ ನಾಲ್ಕಾರು ಹುಡುಗಿಯರು ಕೂಡಿ ಹೋಗುವ ಏರ್ಪಾಡು ಮಾಡೋಣ. ಬಸ್ಸಿನ ಹೊತ್ತು ಸರಿಯಿಲ್ಲದಿದ್ದರೆ ಹೆತ್ತವರೆಲ್ಲ ಸೇರಿ ಅರ್ಜಿ ಕೊಡೋಣ.

ಸ್ವಾತಂತ್ರ್ಯವನ್ನು ಒಮ್ಮೆಲೇ ಕೊಡಲಾಗದು. ವಯಸ್ಸಿಗೆ ತಕ್ಕಂತೆ ಹಂತಹಂತವಾಗಿ ಕಲಿಸಬೇಕಾಗುತ್ತದೆ. ಮೊದಲು ಕೈಹಿಡಿದು ರಸ್ತೆ ದಾಟಿಸುವುದು, ಬಳಿಕ ಪಕ್ಕದಲ್ಲಿ ನಿಂತು ನೋಡುವುದು, ಅನಂತರ ಅಂಗಡಿಗೆ ಒಬ್ಬನನ್ನೇ ಕಳಿಸುವುದು. ಮಂಜೀರಾ ನದಿಯ ಕಡೆ ಸುಳಿಯಬೇಡವೆಂದು ಗದರಿದರೆ ಹುಡುಗ ಕದ್ದು ಹೋಗುವನು. ಬಲ್ಲ ಹಿರಿಯರ ಕಾವಲಿನಲ್ಲಿ ಈಜು ಕಲಿಸಿದರೆ ನೀರಿನ ಆಳವನ್ನೂ ಅರಿಯುವನು.

ಮಕ್ಕಳ ಕಳ್ಳರ ಸುದ್ದಿ ಇನ್ನೊಮ್ಮೆ ನಮ್ಮ ಕೈಗೆ ಬಂದರೆ ಮುಂದೆ ಸಾಗಿಸದೆ, ಪೊಲೀಸರಿಗೆ 112ಕ್ಕೆ ಕರೆಮಾಡಿ ವಿಚಾರಿಸೋಣ. ಆಮೇಲೆ ಹೊಲದ ಕಡೆ ಒಂದು ಸುತ್ತು ಹೋಗಿ, ಕೊಳವೆಬಾವಿಯ ಮುಚ್ಚಳ ಭದ್ರವಾಗಿದೆಯೇ ಎಂದು ನೋಡಿ ಬರೋಣ.