ನೋಡುವವರ ಹೊಣೆ

ಶಾಲೆಯೆಂಬುದು ಹಲವು ಮನೆಗಳ ಮಕ್ಕಳು ಒಂದಾಗಿ ಬಾಳಲು ಕಲಿಯುವ ಚಿಕ್ಕ ಸಮಾಜ. ಅಲ್ಲಿ ನಗೆಯಾಟವೂ ಉಂಟು, ಜಗಳವೂ ಉಂಟು. ಸಮಬಲರ ಜಗಳ ಸಂಜೆಯೊಳಗೆ ಮರೆತುಹೋಗುತ್ತದೆ. ಆದರೆ ಬಲವುಳ್ಳವರು ತಮ್ಮನ್ನು ಎದುರಿಸಲಾರದವರನ್ನು ಮತ್ತೆ ಮತ್ತೆ ನೋಯಿಸುವುದು ಜಗಳವಲ್ಲ, ಪೀಡನೆ. ಅಡ್ಡಹೆಸರಿಟ್ಟು ಕೂಗುವುದು, ಜಾತಿಯನ್ನೋ ಮೈಬಣ್ಣವನ್ನೋ ಹಂಗಿಸುವುದು, ಆಟಕ್ಕೆ ಸೇರಿಸದೆ ದೂರವಿಡುವುದು, ಮೊಬೈಲಿನಲ್ಲಿ ಹೀನ ಮಾತುಗಳನ್ನು ಹರಡುವುದು ಇವೆಲ್ಲವೂ ಅದರ ರೂಪಗಳೇ. ಒಪ್ಪಿಗೆಯಿಲ್ಲದೆ ಮೈಮುಟ್ಟುವುದು, ಅಶ್ಲೀಲವಾದ ಮಾತು ಸನ್ನೆಗಳಿಂದ ಕಾಡುವುದು ಲೈಂಗಿಕ ಕಿರುಕುಳ. ಇದು ಒಮ್ಮೆ ನಡೆದರೂ ತಪ್ಪೇ. ಹುಡುಗಿಯರಂತೆ ಹುಡುಗರೂ ಇದಕ್ಕೆ ಗುರಿಯಾಗುವುದುಂಟು.

ಇಂತಹ ಪೀಡನೆಯನ್ನು ತಡೆಯಲು ಸಾಧ್ಯವೇ? ನಾರ್ವೆ ದೇಶದ ಅನುಭವ ಇದಕ್ಕೆ ಉತ್ತರವೀಯುತ್ತದೆ. 1982ರ ಕೊನೆಯಲ್ಲಿ ಅಲ್ಲಿ ಮೂವರು ಬಾಲಕರು ಪ್ರಾಣ ನೀಗಿದರು. ಸಹಪಾಠಿಗಳ ಪೀಡನೆಯೇ ಕಾರಣವಿರಬೇಕೆಂದು ತಿಳಿದಾಗ ಇಡೀ ದೇಶ ತಲ್ಲಣಿಸಿತು. 1983ರಲ್ಲಿ ಶಾಲೆಗಳಲ್ಲೆಲ್ಲ ಪೀಡನೆಯ ವಿರುದ್ಧ ಆಂದೋಲನ ಆರಂಭವಾಯಿತು. ಮನಶ್ಶಾಸ್ತ್ರಜ್ಞರಾದ ಡಾನ್ ಓಲ್ವೆಯಸ್ ಅವರು ಬರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಕುರಿತು ಅಧ್ಯಯನ ನಡೆಸಿದರು. ಅಲ್ಲಿ ಕೈಗೊಂಡ ಕ್ರಮಗಳು ಸರಳವಾಗಿದ್ದುವು. ಬಿಡುವಿನ ವೇಳೆಯಲ್ಲಿ ಅಧ್ಯಾಪಕರು ಅಂಗಳದಲ್ಲಿ ನಿಂತು ನೋಡಿಕೊಂಡರು; ಪೀಡಿಸಿದವರೊಡನೆಯೂ ಅವರ ತಂದೆತಾಯಿಗಳೊಡನೆಯೂ ಮಾತನಾಡಿದರು. ಪ್ರತಿ ತರಗತಿಯೂ ಮೂರು ನಿಯಮಗಳನ್ನು ಪಾಲಿಸಬೇಕಾಗಿತ್ತು: ಯಾರನ್ನೂ ಪೀಡಿಸಬಾರದು, ಪೀಡನೆಗೆ ಒಳಗಾದವರಿಗೆ ನೆರವಾಗಬೇಕು, ಒಂಟಿಯಾದವರನ್ನು ಜೊತೆಗೆ ಸೇರಿಸಿಕೊಳ್ಳಬೇಕು. ಎರಡು ವರ್ಷಗಳಲ್ಲಿ ಪೀಡನೆ ಹೆಚ್ಚುಕಡಮೆ ಅರ್ಧದಷ್ಟು ತಗ್ಗಿತು.

ಈ ನಿಯಮಗಳಲ್ಲಿ ಮೊದಲನೆಯದು ಪೀಡಿಸುವವರಿಗೆ. ಉಳಿದೆರಡು, ನೋಡುತ್ತ ನಿಂತವರಿಗೆ. ಇದರಲ್ಲೊಂದು ಮರ್ಮವಿದೆ. ಸುತ್ತಲಿನವರ ನಗೆಯೇ ಪೀಡಿಸುವವರಿಗೆ ಸಿಗುವ ಬಹುಮಾನ. ಆ ನಗೆ ನಿಂತರೆ ಅವರ ಹುಮ್ಮಸ್ಸು ಕುಗ್ಗುತ್ತದೆ. ಅದಕ್ಕಾಗಿ ಯಾರೂ ಹೊಡೆದಾಟಕ್ಕೆ ಇಳಿಯಬೇಕಾಗಿಲ್ಲ. ನಗದಿರುವುದು, ನೊಂದವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವುದು, ನಂಬಿಕೆಯ ಹಿರಿಯರಿಗೆ ತಿಳಿಸುವುದು ಎಲ್ಲರಿಗೂ ಸಾಧ್ಯ. ತನ್ನ ಲಾಭಕ್ಕಾಗಿ ಇನ್ನೊಬ್ಬರ ಮೇಲೆ ದೂರುವುದು ಚಾಡಿ; ನೊಂದವರನ್ನು ಉಳಿಸಲು ಹೇಳುವುದು ಚಾಡಿಯಲ್ಲ, ಕರ್ತವ್ಯ.

ಲೈಂಗಿಕ ಕಿರುಕುಳದ ವಿಷಯದಲ್ಲಂತೂ ಮೌನ ಅಪಾಯಕರ. ನೊಂದವರು ನಾಚಬೇಕಾದ ಕಾರಣವಿಲ್ಲ, ತಪ್ಪು ಅವರದಲ್ಲ. ಭಾರತದಲ್ಲಿ 2012ರ ಪೋಕ್ಸೋ ಕಾಯಿದೆ 18 ವರ್ಷದೊಳಗಿನ ಬಾಲಕ ಬಾಲಕಿಯರೆಲ್ಲರಿಗೂ ರಕ್ಷಣೆ ನೀಡುತ್ತದೆ. ನೊಂದ ಮಗುವಿನ ಗುರುತನ್ನು ಪತ್ರಿಕೆಗಳು ಪ್ರಕಟಿಸದಂತೆಯೂ ಅದು ತಡೆಯುತ್ತದೆ. ಹೇಳಿಕೊಳ್ಳಲು ಬಳಿಯಲ್ಲಿ ಯಾರೂ ಇಲ್ಲವೆನಿಸಿದಾಗ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಬಹುದು. ಮೊದಲು ಹೇಳಿದವರು ಕಿವಿಗೊಡದಿದ್ದರೆ ಮತ್ತೊಬ್ಬರಿಗೆ ಹೇಳಬೇಕು. ಕೇಳುವವರು ದೊರೆಯುವವರೆಗೂ ಹೇಳಬೇಕು.