ಗುಂಡು ನೆಟ್ಟಗೆ ಹೋಗುವುದಿಲ್ಲ

ಕೈಲ್ ಪೊಳ್ದ್ ಹಬ್ಬ ಬಂತೆಂದರೆ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು. ಅವುಗಳ ವಿಡಿಯೊಗಳು ತೆಂಗಿನ ಸೀಮೆಯ ನಮ್ಮ ಊರು ದಂಡಿನಶಿವರದ ತನಕ ಬರುತ್ತವೆ. ಗುರಿಗೆ ಇಟ್ಟಿರುವುದು ತೆಂಗಿನಕಾಯಿ, ನಮ್ಮ ಕಡೆಯವರು ನೋಡದೆ ಬಿಡುತ್ತಾರೆಯೇ? ಕಾಯಿ ತಪ್ಪಿದೊಡನೆ ಒಂದೇ ತೀರ್ಪು: "ಕೋವಿಗೆ ಒಂದ್ಸಲ ಗುರಿ ಕೂರಿಸಿದ್ಮೇಲೆ ಗುಂಡು ನೆಟ್ಟಗೇ ಹೋಗ್ತದೆ. ಹೊಡೆದೋನ ಕೈ ನಡುಗಿದೆ." ವಿಜ್ಞಾನ ಓದಿದವರೂ ಹೀಗೆನ್ನುವಾಗ ಸುಮ್ಮನಿರಲು ನನ್ನಿಂದಾಗದು.

ಗುಂಡು ನಳಿಗೆ ಬಿಟ್ಟ ಕ್ಷಣದಿಂದಲೇ ಕೆಳಗೆ ಬೀಳತೊಡಗುತ್ತದೆ, ಮರದಿಂದ ಕಳಚಿದ ಕಾಯಿಯ ಹಾಗೆಯೇ. ಪಾಯಿಂಟ್ ಟೂ ಟೂ ರೈಫಲ್ಲಿನ ಸಾಧಾರಣ ಗುಂಡಿನ ತೂಕ ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 325 ಮೀಟರ್. 50 ಮೀಟರ್ ಮುಟ್ಟುವಷ್ಟರಲ್ಲಿ ಅದು ನಳಿಗೆಯ ನೇರದಿಂದ ಸುಮಾರು 12 ಸೆಂ.ಮೀ. ಇಳಿದಿರುತ್ತದೆ. 100 ಮೀಟರಿಗೆ ಇಳಿತ ಹತ್ತಿರ ಹತ್ತಿರ ಅರ್ಧ ಮೀಟರ್. ದೂರ ಇಮ್ಮಡಿ, ಇಳಿತ ನಾಲ್ಕು ಪಟ್ಟು! ಇದನ್ನು ಸರಿದೂಗಿಸಲೆಂದೇ ನೋಟದ ಗೆರೆಗೆ ಹೋಲಿಸಿ ನಳಿಗೆಯನ್ನು ಕೂದಲೆಳೆಯಷ್ಟು ಮೇಲ್ಮುಖ ಮಾಡುವುದು. ಗುರಿ ಕೂರಿಸುವುದೆಂದರೆ ಇಷ್ಟೇ: ನೋಟದ ಗೆರೆಯೂ ಗುಂಡಿನ ಬಾಗುದಾರಿಯೂ ಒಂದು ಗೊತ್ತಾದ ದೂರದಲ್ಲಿ ಸಂಧಿಸುವಂತೆ ಮಾಡುವುದು. 50 ಮೀಟರಿಗೆ ಕೂರಿಸಿದ ಕೋವಿಯಲ್ಲಿ 100 ಮೀಟರಿನ ಕಾಯಿಯ ನಡುಮಧ್ಯಕ್ಕೇ ಹಿಡಿದರೂ ಗುಂಡು 20 ಸೆಂ.ಮೀ.ಗೂ ಮಿಕ್ಕಿ ಕೆಳಗೆ ಬೀಳುತ್ತದೆ. ಸುಲಿದ ಕಾಯಿಯ ಇಡೀ ಅಗಲವೇ ಅಷ್ಟಿಲ್ಲ. ಕೈ ನಡುಗಿದ್ದಕ್ಕೆ ತಪ್ಪಿದ್ದಲ್ಲ, ದೂರ ಬದಲಾದದ್ದಕ್ಕೆ ತಪ್ಪಿದ್ದು.

ನಳಿಗೆ ಬಿಟ್ಟ ಮೇಲೆ ಗುಂಡು ತಾನಾಗಿ ಮೇಲೇಳುತ್ತದೆ ಎನ್ನುವವರಿಗೂ ಉತ್ತರ ಇದರಲ್ಲೇ ಇದೆ. ಗುಂಡು ಏಳುವುದಿಲ್ಲ, ನಳಿಗೆ ಮೇಲ್ಮುಖವಾಗಿರುತ್ತದೆ.

ವೇಗದ ಗುಂಡು ಹಾಕಿದರೆ ಗುರಿ ತಪ್ಪದು ಎಂಬುದೂ ಸುಳ್ಳು. ಈ ಸಣ್ಣ ರೈಫಲ್ಲಿನಲ್ಲಿ ಶಬ್ದದ ವೇಗ ಮೀರಿ ಹೊರಟ ಗುಂಡು ದಾರಿಯಲ್ಲೇ ಆ ವೇಗಕ್ಕಿಂತ ಕೆಳಗಿಳಿಯುತ್ತದೆ, ಪಕ್ಕದ ಗಾಳಿಗೆ ನಿಧಾನದ ಗುಂಡಿಗಿಂತ ಹೆಚ್ಚು ಸರಿಯುತ್ತದೆ. ಪಂದ್ಯಗಾರರು ನಿಧಾನದ ಗುಂಡು ಆರಿಸುವುದು ಇದಕ್ಕೇ. ಒಂದು ಗುಂಡು ತಪ್ಪಿದೊಡನೆ ಸೈಟ್ ತಿರುಗಿಸುವ ಚಾಳಿಯೂ ತಪ್ಪೇ. ಒಂದೇ ಹಿಡಿತದಲ್ಲಿ ಐದು ಹೊಡೆದು, ಆ ಗುಂಪಿನ ನಡುವನ್ನು ನೋಡಿ ಆಮೇಲೆ ತಿರುಗಿಸಬೇಕು.

ಒಲಿಂಪಿಕ್ಸಿನ 50 ಮೀಟರ್ ರೈಫಲ್ ಪಂದ್ಯದಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿ.ಮೀ. ಮಾತ್ರ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಆ ದೂರದಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆಯಂಥವರಿಗೂ ಪಂದ್ಯಕ್ಕೆ ಮೊದಲು ಸಿದ್ಧತೆಗೂ ಗುರಿ ಕೂರಿಸಲಿಕ್ಕೂ 15 ನಿಮಿಷ ಕೊಡುತ್ತಾರೆ. ಅವರಿಗೇ ಬೇಕಾದದ್ದು ಹಳ್ಳಿಯ ಪಂದ್ಯಗಾರನಿಗೆ ಬೇಡವೇ? ಸಿನಿಮಾದಲ್ಲಿ ನಾಯಕ ಯಾರದೋ ಕೋವಿ ಕಸಿದು ಮೊದಲ ಗುಂಡಿಗೇ ಕಣ್ಣಿಗೆ ಹೊಡೆಯುತ್ತಾನೆ, ಜನ ಅದನ್ನೇ ಪಾಠವೆಂದು ನಂಬುತ್ತಾರೆ. ಎಂಟನೇ ತರಗತಿ ದಾಟಿದವರು ಗುರುತ್ವವನ್ನು ಪರೀಕ್ಷೆಗೆ ಬರೆದು, ಅಲ್ಲಿಯೇ ಬಿಟ್ಟು ಬಂದಿದ್ದಾರೆ.

ಇನ್ನೊಂದು ನಂಬಿಕೆ ಮಾತ್ರ ಜೀವಕ್ಕೇ ಮುಳುವಾದದ್ದು: ಸಣ್ಣ ಗುಂಡು, ದೂರ ಹೋಗದು ಎಂಬುದು. ಕಾಯಿ ತಪ್ಪಿದ ಪಾಯಿಂಟ್ ಟೂ ಟೂ ಗುಂಡು ಕಿಲೋಮೀಟರಿಗೂ ಆಚೆ ಬೀಳಬಲ್ಲದು, ಕೊಲ್ಲಲೂಬಲ್ಲದು. ಪಂದ್ಯ ನಡೆಸುವವರೇ, ದೂರವನ್ನು ಮೊದಲೇ ಹೇಳಿ, ಗುರಿ ಕೂರಿಸಲು ಐದು ಗುಂಡು ಹೊಡೆಯಲು ಬಿಡಿ, ಕಾಯಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬವಿಲ್ಲದೆ ಯಾರ ಕೈಗೂ ಕೋವಿ ಕೊಡಬೇಡಿ.