ಹೊಸ ಒಡಂಬಡಿಕೆಯ ಗ್ರೀಕ್: ಪದದ ಅರ್ಥ, ನಂಬಿಕೆಯ ಆಳ

ಆಲ್ಫಾ, ಬೀಟಾ, ಗಾಮಾ, ಥೀಟಾ, ಪೈ – ಗಣಿತ ಮತ್ತು ಭೌತಶಾಸ್ತ್ರದ ತರಗತಿಗಳಲ್ಲಿ ಈ ಅಕ್ಷರಗಳನ್ನು ನೀವೆಲ್ಲ ಬಳಸಿದ್ದೀರಿ. ಇವು ಸೇರಿದ 24 ಅಕ್ಷರಗಳ ಲಿಪಿಯಲ್ಲಿಯೇ ಕ್ರೈಸ್ತರ ‘ಹೊಸ ಒಡಂಬಡಿಕೆ’ಯ 27 ಪುಸ್ತಕಗಳು ರಚಿತವಾದವು. ಯೇಸುವಿನ ಆಡುಮಾತು ಅರಮಾಯಿಕ್. ಆದರೆ ಆತನ ಬೋಧನೆ ಬರಹದಲ್ಲಿ ಉಳಿದು ಬಂದಿರುವುದು ಗ್ರೀಕ್‌ನಲ್ಲಿ. ಆದ್ದರಿಂದ ಕ್ರೈಸ್ತ ನಂಬಿಕೆಯನ್ನು ಅರಿಯಬಯಸುವವರು ಆ ಮತದವರಾಗಿರಲಿ, ಅಲ್ಲದಿರಲಿ, ಈ ಭಾಷೆ ಅವರಿಗೆ ಬಹಳ ನೆರವಾಗುತ್ತದೆ.

ಇದು ಯಾವ ಗ್ರೀಕ್?

ಅಲೆಕ್ಸಾಂಡರನ ದಂಡಯಾತ್ರೆಗಳ ನಂತರ ಈಜಿಪ್ಟಿನಿಂದ ಸಿರಿಯಾದವರೆಗೆ ವ್ಯವಹಾರದಲ್ಲಿ ಹಬ್ಬಿದ್ದ ಗ್ರೀಕ್‌ಗೆ ‘ಕೊಯಿನೆ’ ಎಂದು ಹೆಸರು. ಅಂದರೆ ‘ಎಲ್ಲರಿಗೂ ಸಾಮಾನ್ಯವಾದುದು’. ಪ್ಲೇಟೋವಿನ ಗ್ರೀಕ್‌ಗಿಂತ ಭಿನ್ನವಾಗಿದ್ದ ಇದನ್ನು ಧರ್ಮಗ್ರಂಥಕ್ಕೆಂದೇ ಹುಟ್ಟಿದ ವಿಶೇಷ ಭಾಷೆಯೆಂದು ಕೆಲವು ವಿದ್ವಾಂಸರು ಭಾವಿಸಿದ್ದರು. 1896-97ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಂಗ್ಲರು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಹಳೆಯ ಕಸದ ದಿಬ್ಬಗಳನ್ನು ಅಗೆದರು. ಅಲ್ಲಿ ರಾಶಿ ರಾಶಿಯಾಗಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಮನೆಯ ಪತ್ರಗಳು, ರಸೀದಿಗಳು, ಗೇಣಿಪತ್ರಗಳು ಇದ್ದವು. ಇಂಥ ಬರಹಗಳನ್ನು ಹೋಲಿಸಿ ನೋಡಿದ ಜರ್ಮನ್ ವಿದ್ವಾಂಸ ಡೈಸ್‌ಮನ್, ಹೊಸ ಒಡಂಬಡಿಕೆಯ ಭಾಷೆ ಜನಸಾಮಾನ್ಯರ ಭಾಷೆಯೇ ಎಂದು ತೋರಿಸಿಕೊಟ್ಟರು.

ಇದೇ ಆಕ್ಸಿರಿಂಕಸ್‌ನ ಒಂದು ಗ್ರೀಕ್ ಪ್ರಹಸನ 1903ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಟ್ಸ್ ಎಂಬ ವಿದ್ವಾಂಸರು ಸೂಚಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಒಂದು ಪದ, ಒಂದು ಚರಿತ್ರೆ

ಯೇಸುವಿನ ಬೋಧನೆಯ ಆರಂಭದಲ್ಲೇ ಬರುವ ಕರೆಯ ಹಿಂದಿರುವ ಪದ ‘ಮೆಟನೊಯಾ’. ‘ನೂಸ್’ ಎಂದರೆ ಮನಸ್ಸು; ‘ಮೆಟಾ’ ಇಲ್ಲಿ ಬದಲಾವಣೆಯನ್ನು ಸೂಚಿಸುತ್ತದೆ. ಲ್ಯಾಟಿನ್ ಬೈಬಲಿನಲ್ಲಿ ಆ ಕರೆ ‘ಪೆನಿಟೆಂಟಿಯ’ವನ್ನು ಮಾಡಿರಿ ಎಂಬ ರೂಪ ಪಡೆಯಿತು. ಅದೇ ಪದ ಪಾಪನಿವೇದನೆಯ ವಿಧಿಗೂ, ಪಾದ್ರಿ ವಿಧಿಸುವ ಪ್ರಾಯಶ್ಚಿತ್ತಕ್ಕೂ ಬಳಕೆಯಲ್ಲಿದ್ದುದರಿಂದ, ಮಧ್ಯಯುಗದ ಯೂರೋಪಿನ ಅನೇಕರಿಗೆ ಕರೆ ಆ ವಿಧಿಯನ್ನೇ ಕುರಿತದ್ದೆಂದು ಕೇಳಿಸಿತು.

1516ರಲ್ಲಿ ಎರಾಸ್ಮಸ್ ಗ್ರೀಕ್ ಮೂಲವನ್ನು ಬಾಸೆಲ್ ನಗರದಲ್ಲಿ ಅಚ್ಚು ಹಾಕಿಸಿದರು. 1517ರಲ್ಲಿ ಮಾರ್ಟಿನ್ ಲೂಥರ್ ಮಂಡಿಸಿದ 95 ಸೂತ್ರಗಳಲ್ಲಿ ಮೊದಲನೆಯದೇ ಈ ಕರೆಯನ್ನು ಕುರಿತದ್ದು. ಅದು ಇಡೀ ಬದುಕಿಗೆ ಸಂಬಂಧಿಸಿದ್ದು ಎಂಬುದು ಅವರ ವಾದ. ಗ್ರೀಕ್ ಪದದ ಅರ್ಥ ತಮಗೆ ಹೇಗೆ ದಾರಿ ತೋರಿತೆಂದು 1518ರಲ್ಲಿ ಅವರು ಪತ್ರವೊಂದರಲ್ಲಿ ವಿವರಿಸಿದರು. ಯೂರೋಪಿನ ಚರ್ಚ್ ಒಡೆಯಲು ಹಣ, ಅಧಿಕಾರ, ರಾಜಕೀಯದ ಕಾರಣಗಳೂ ಇದ್ದವು. ಅಂತರಂಗದ ಪರಿವರ್ತನೆ ಬೇಕೆಂಬುದನ್ನು ಕ್ಯಾಥೊಲಿಕ್ ಸಭೆಯೂ ಬೋಧಿಸುತ್ತದೆ. ಆದರೂ ಮನುಷ್ಯನಿಂದ ದೇವರು ಬಯಸುವುದೇನು ಎಂಬ ದೊಡ್ಡ ಪ್ರಶ್ನೆ ಒಂದು ಪದದ ಸುತ್ತ ನಿಂತಿತ್ತು. ಕನ್ನಡದ ಕ್ರೈಸ್ತ ಬಳಕೆಯಲ್ಲಿರುವ ‘ಮಾನಸಾಂತರ’ ಎಂಬ ಪದ ಗ್ರೀಕ್‌ಗೆ ಎಷ್ಟು ಹತ್ತಿರವಾಗಿದೆ, ಗಮನಿಸಿ.

ನೀನೋ, ನೀವೋ?

ವ್ಯಾಕರಣವೂ ಅರ್ಥವನ್ನು ತಿದ್ದುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ಪೌಲನು ಓದುಗರನ್ನು ದೇವರ ಆಲಯವೆಂದು ಕರೆಯುತ್ತಾನೆ. ಇಂಗ್ಲಿಷಿನ ‘ಯೂ’ ಒಬ್ಬರಿಗೂ ಸಲ್ಲುತ್ತದೆ, ಹಲವರಿಗೂ ಸಲ್ಲುತ್ತದೆ. ಕನ್ನಡದ ‘ನೀವು’ ಒಬ್ಬರಿಗೆ ಗೌರವವನ್ನೂ ಸೂಚಿಸಬಹುದು. ಪೌಲನ ಕಾಲದ ಗ್ರೀಕ್‌ನಲ್ಲಿ ಎದುರಿಗಿರುವ ಒಬ್ಬರನ್ನು ಗೌರವಕ್ಕಾಗಿ ಬಹುವಚನದಲ್ಲಿ ಕರೆಯುವ ಪದ್ಧತಿ ಇರಲಿಲ್ಲ. ಆದ್ದರಿಂದ ಅಲ್ಲಿನ ‘ನೀವು’ ನಿಜವಾಗಿಯೂ ಹಲವರು. ಒಬ್ಬ ಭಕ್ತನಲ್ಲ, ಜಗಳವಾಡಿ ಗುಂಪುಗಳಾಗಿ ಒಡೆದಿದ್ದ ಇಡೀ ಸಮುದಾಯವೇ ಆಲಯ. ಆಗ ಮಾತಿನ ತೂಕವೇ ಬೇರೆಯಾಗುತ್ತದೆ.

ಎಚ್ಚರಿಕೆಯೂ ಬೇಕು

ಅರೆಬರೆ ಗ್ರೀಕ್ ದಾರಿ ತಪ್ಪಿಸಬಲ್ಲದು. ‘ಅಗಾಪೆ’ ದೈವಿಕ ಪ್ರೀತಿ, ‘ಫಿಲಿಯಾ’ ಬರೀ ಸ್ನೇಹ ಎಂದು ಹಲವರು ಹೇಳುವುದುಂಟು. ಆದರೆ ಯೋಹಾನನ ಸುವಾರ್ತೆಯಲ್ಲಿ ತಂದೆಯಾದ ದೇವರಿಗೆ ಮಗನ ಮೇಲಿರುವ ಪ್ರೀತಿಗೆ ಮೂರನೆಯ ಅಧ್ಯಾಯದಲ್ಲಿ ಒಂದು ಕ್ರಿಯಾಪದವೂ ಐದನೆಯದರಲ್ಲಿ ಇನ್ನೊಂದೂ ಬಂದಿವೆ. ಪದದ ಅರ್ಥವನ್ನು ನಿರ್ಧರಿಸುವುದು ಅದರ ಬಳಕೆ. ಬಿಡಿ ಪದವನ್ನು ಹಿಡಿದು ಸಿದ್ಧಾಂತ ಕಟ್ಟುವುದು ಅಪಾಯವೆಂದು ಜೇಮ್ಸ್ ಬಾರ್ 1961ರ ತಮ್ಮ ಗ್ರಂಥದಲ್ಲಿ ಎಚ್ಚರಿಸಿದ್ದಾರೆ.

ಕೆಲವೆಡೆ ಗ್ರೀಕ್ ಬಲ್ಲವರಿಗೂ ಉತ್ತರ ಸಿಕ್ಕಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ರೊಟ್ಟಿಗೆ ವಿಶೇಷಣವಾಗಿ ಬರುವ ‘ಎಪಿಯೂಸಿಯೊಸ್’ ಅಂಥದೊಂದು ಪದ. ‘ಅನುದಿನದ’ ಎಂಬುದು ರೂಢಿಯ ಅನುವಾದ. ‘ನಾಳೆಯ’, ‘ಅವಶ್ಯಕವಾದ’ ಎಂಬ ಅರ್ಥಗಳನ್ನೂ ವಿದ್ವಾಂಸರು ಹೇಳುತ್ತಾರೆ. ಮೂರನೆಯ ಶತಮಾನದ ಒರಿಜೆನ್‌ಗೆ ಗ್ರೀಕ್ ಮನೆಮಾತಾಗಿತ್ತು. ಆತನಿಗೂ ಈ ಪದ ಬೇರೆಲ್ಲೂ ಕಂಡಿರಲಿಲ್ಲ.

ಕೋಟ್ಯಂತರ ಜನ ದಿನವೂ ಹೇಳುವ ಪ್ರಾರ್ಥನೆಯಲ್ಲೇ ಇಂಥ ಪದವಿದೆ. ಮೂಲಭಾಷೆಯ ಅಧ್ಯಯನ ಎಲ್ಲಿ ಅರ್ಥ ಸ್ಪಷ್ಟ, ಎಲ್ಲಿ ಅನುವಾದಕನ ಆಯ್ಕೆ, ಎಲ್ಲಿ ಇನ್ನೂ ಪ್ರಶ್ನೆ ಉಳಿದಿದೆ ಎಂಬುದನ್ನು ಬೇರ್ಪಡಿಸಿ ತೋರಿಸುತ್ತದೆ. ಯಾವುದೇ ಧರ್ಮದ ಗ್ರಂಥವನ್ನು ಓದುವಾಗಲೂ ಈ ವಿವೇಕ ಬೇಕು. ಅಕ್ಷರಗಳಲ್ಲಿ ಹಲವು ನಿಮಗೆ ಆಗಲೇ ಗೊತ್ತು. ಉಳಿದವನ್ನು ಕಲಿಯಲು ಒಂದು ವಾರ ಸಾಕು.